ಲಿನಕ್ಸ್ ಅಪ್‌ಡೇಟ್ ಆದಮೇಲೆ ಸ್ಕ್ರೀನ್ ದಪ್ಪಗಾದರೆ: ಹುಡುಕುವುದು ಎಲ್ಲಿ, ಸರಿಪಡಿಸುವುದು ಹೇಗೆ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಿಂದ ಫೋನ್ ಬಂತು. "ಅಣ್ಣಾ, ಸ್ಕ್ರೀನೆಲ್ಲ ದಪ್ಪ ಆಗೈತಿ. ಪತ್ರಿಕೆ ಮೇಲಿನ ಗಣಪತಿ ಅಗಲ ಆಗ್ಯಾನೆ. ಮಧ್ಯಾಹ್ನದೊಳಗೆ ಲಗ್ನಪತ್ರಿಕೆ ಕೊಡಬೇಕು."

ಹೋಗಿ ನೋಡಿದೆ. 1920×1080ರ ಅಗಲ ಮಾನಿಟರ್ ಮೇಲೆ 1024×768ರ ಚಿತ್ರವನ್ನು ಎಳೆದು ಹರಡಿದಂತಿತ್ತು. ಗೋಲ ಇದ್ದದ್ದೆಲ್ಲ ಮೊಟ್ಟೆಯಾಕಾರ. ಇಂಕ್‌ಸ್ಕೇಪ್‌ನಲ್ಲಿ ತೆರೆದ ಪತ್ರಿಕೆಯಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು, ವಧುವಿನ ಊರಿನ ಹೆಸರಿನಲ್ಲಿ ತಾವತ್ತು ಇದೆಯೋ ರಾವತ್ತು ಇದೆಯೋ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ರೆಸಲ್ಯೂಶನ್ ಕೈಕೊಟ್ಟರೆ ಕಣ್ಣಿಗೆ ಮಾತ್ರ ತೊಂದರೆಯಲ್ಲ, ಅಚ್ಚಿಗೆ ಹೋಗುವ ಅಕ್ಷರವೇ ತಪ್ಪುವ ಅಪಾಯವಿದೆ. ಆ ಹುಡುಗ ಆಗಲೇ ಪೆನ್‌ಡ್ರೈವ್ ತೆಗೆದು, ಇಡೀ ಉಬುಂಟುವನ್ನೇ (ಆ ಯಂತ್ರದಲ್ಲಿದ್ದ ಲಿನಕ್ಸ್) ಮತ್ತೆ ಹಾಕಲು ಕೂತಿದ್ದ. ಅದನ್ನು ತಡೆದೆ. ಎರಡು ಕಮಾಂಡ್, ಒಂದು ರೀಸ್ಟಾರ್ಟ್, ಇಪ್ಪತ್ತು ನಿಮಿಷದಲ್ಲಿ ಪತ್ರಿಕೆ ಪ್ರಿಂಟಿಗೆ ಹೋಯಿತು.

ಈ ತೊಂದರೆಗೆ ಸಿಸ್ಟಮ್ ಮರುಸ್ಥಾಪನೆ ಬೇಕಾಗಿದ್ದನ್ನು ನಾನು ಕಂಡೇ ಇಲ್ಲ ಎನ್ನಬಹುದು. ಬೇಕಾಗುವುದು ಸರಿಯಾದ ಕ್ರಮ. ಬಹಳ ಜನ ಮೊದಲು ಕೈಹಾಕುವುದು ರೆಸಲ್ಯೂಶನ್ ಅನ್ನು ಬಲವಂತವಾಗಿ ಕೂರಿಸುವ ಕಮಾಂಡಿಗೆ. ಅದು ಕೊನೆಯ ಹೆಜ್ಜೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈಗ ಸ್ಕ್ರೀನನ್ನು ನಡೆಸುತ್ತಿರುವವರು ಯಾರು? ಗ್ರಾಫಿಕ್ಸ್ ಭಾಗವನ್ನು ನಡೆಸುವ ಪ್ರೋಗ್ರಾಂ ಆದ ಡ್ರೈವರ್ರೋ, ಅದು ಬಾರದೆ ಅದರ ಜಾಗದಲ್ಲಿ ನಿಂತ ಬದಲಿ ವ್ಯವಸ್ಥೆಯೋ?

ಕಮಾಂಡ್ ಓದುವ ಬಗೆ

ಫೋನಿನಲ್ಲಿ ಹೇಳಿಕೊಡುವ ಹಾಗೆಯೇ ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಚಿಹ್ನೆ, ಅಂಕಿ, ಸ್ಪೇಸ್ ಎಲ್ಲ ಇದ್ದಂತೆಯೇ ಇರಲಿ. ಅಕ್ಷರಗಳನ್ನು ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪಿಸಿ. ಉಚ್ಚಾರದಿಂದ ಕಾಗುಣಿತ ತಿಳಿಯದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಟರ್ಮಿನಲ್ (ಕಮಾಂಡ್ ಟೈಪಿಸುವ ಕಿಟಕಿ) ತೆರೆಯಲು ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಉಬುಂಟು ಮತ್ತು ಲಿನಕ್ಸ್ ಮಿಂಟ್ ಇಟ್ಟುಕೊಂಡು ಬರೆದಿದ್ದೇನೆ, ನಮ್ಮ ಕಡೆ ಅಂಗಡಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಅವೆರಡನ್ನೇ.

ಏನನ್ನೂ ಮುಟ್ಟುವ ಮೊದಲು ನೋಡಬೇಕಾದ ಎರಡು ಸಂಗತಿ

ಒಂದು, ಲಾಗಿನ್ ಪರದೆ. ಪಾಸ್‌ವರ್ಡ್ ಕೇಳುವ ಆ ಪರದೆ ಸರಿಯಾಗಿದ್ದು, ಒಳಗೆ ಹೋದಮೇಲೆ ಮಾತ್ರ ಎಲ್ಲ ದಪ್ಪಗಾಗುತ್ತಿದ್ದರೆ ಡ್ರೈವರ್ ಚೆನ್ನಾಗಿಯೇ ಇದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಉಳಿದಿರುವ ಹಳೆಯ ಡಿಸ್‌ಪ್ಲೇ ಸೆಟ್ಟಿಂಗ್ ಅಡ್ಡ ಬರುತ್ತಿದೆ. ಫೈಲ್ ಮ್ಯಾನೇಜರ್ ತೆರೆದು ಕಂಟ್ರೋಲ್-ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕಿಯಿಂದ ಶುರುವಾಗುವ ‘.ಕಾನ್ಫಿಗ್’ ಫೋಲ್ಡರಿನೊಳಗೆ ಉಬುಂಟುವಿನಲ್ಲಾದರೆ ‘ಮಾನಿಟರ್ಸ್.ಎಕ್ಸ್‌ಎಂಎಲ್’, ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನಲ್ಲಾದರೆ ‘ಸಿನಮನ್-ಮಾನಿಟರ್ಸ್.ಎಕ್ಸ್‌ಎಂಎಲ್’ ಎಂಬ ಫೈಲ್ ಇರುತ್ತದೆ. ಅಳಿಸಬೇಡಿ, ಹೆಸರು ಬದಲಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಸಿಸ್ಟಮ್ ಹೊಸದಾಗಿ ಮಾನಿಟರನ್ನು ಕೇಳಿ ಸರಿಯಾದ ಅಳತೆ ಹಿಡಿದುಕೊಳ್ಳುತ್ತದೆ. ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಎರಡು, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ರೆಸಲ್ಯೂಶನ್ ಪಟ್ಟಿ ಬಿಚ್ಚಿ, ಎಷ್ಟು ಆಯ್ಕೆ ಇವೆ ಎಣಿಸಿ. ಇದು ಸಣ್ಣ ವಿಷಯವಲ್ಲ. ಒಂದೇ ಒಂದು ಅಳತೆ ಇದ್ದು ಬೇರೆ ಯಾವುದನ್ನೂ ಆರಿಸಲು ಬಿಡದಿದ್ದರೆ ಡ್ರೈವರ್ ಬಂದಿಲ್ಲ. ಯಂತ್ರ ಆನ್ ಆಗುವಾಗ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ಮೂಲ ಪ್ರೋಗ್ರಾಂ) ಇಟ್ಟುಕೊಟ್ಟ ಚಿತ್ರದ ಅಳತೆಯಲ್ಲೇ ಲಿನಕ್ಸ್‌ನ ತಿರುಳಾದ ಕರ್ನಲ್ ದಿನ ದೂಡುತ್ತಿದೆ. 1024×768, 800×600, 640×480 ಹೀಗೆ ನಾಲ್ಕಾರು ಅಳತೆಗಳಿದ್ದು 1024×768ಕ್ಕಿಂತ ಮೇಲೇನೂ ಇಲ್ಲದಿದ್ದರೆ, ಡ್ರೈವರ್ ಇದೆ, ಆದರೆ ಮಾನಿಟರ್ ತನ್ನ ಪರಿಚಯ ಹೇಳಿಕೊಂಡಿಲ್ಲ. ಪರಿಚಯ ಸಿಗದ ಮಾನಿಟರಿಗೆ ಲಿನಕ್ಸ್ ಕರ್ನಲ್ 1024×768ರವರೆಗಿನ ಅಳತೆಗಳನ್ನಷ್ಟೇ ಕೊಡುತ್ತದೆ. ಸಿಗದ ಮಾಹಿತಿಯ ಮೇಲೆ ದೊಡ್ಡ ಅಳತೆ ತಳ್ಳಿ ಮಾನಿಟರ್ ಕತ್ತಲಾಗುವುದಕ್ಕಿಂತ ಇದು ಮೇಲು. ಹೀಗಿದ್ದರೆ ಕೆಳಗಿನ ಕೇಬಲ್ ಭಾಗಕ್ಕೆ ನೇರ ಹೋಗಿ.

ಹಳೆಯ ಕರ್ನಲ್‌ನಲ್ಲಿ ಒಮ್ಮೆ ಎಬ್ಬಿಸಿ ನೋಡಿ

ಮೊದಲು ಈಗಿನ ಕರ್ನಲ್ ಯಾವುದು ಬರೆದಿಟ್ಟುಕೊಳ್ಳಿ.

ಯುನೇಮ್ -ಆರ್

ಯು-ಎನ್-ಎ-ಎಂ-ಇ, ಸ್ಪೇಸ್, ಡ್ಯಾಶ್ ಆರ್. 6.8 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಬರಬಹುದು. ಉಬುಂಟು 22.04 ಹಾಕಿದ ಎಷ್ಟೋ ಯಂತ್ರಗಳು 5.15ರಿಂದ ಶುರುವಾಗಿ, ಅಪ್‌ಡೇಟ್ ಮೂಲಕವೇ ಹಂತಹಂತವಾಗಿ 6.8ಕ್ಕೆ ಬಂದಿವೆ. ಪ್ರತಿ ಜಿಗಿತದಲ್ಲೂ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಿಕೊಳ್ಳಬೇಕು.

ಈಗ ರೀಸ್ಟಾರ್ಟ್ ಮಾಡಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಂಡೇ ಇರಿ. ಹೊಸ ಯುಇಎಫ್‌ಐ ಯಂತ್ರವಾದರೆ ಕಂಪನಿಯ ಲೋಗೊ ಮಾಯವಾಗುತ್ತಿದ್ದಂತೆ ಎಸ್ಕೇಪ್ ಒಂದು ಸಲ ಒತ್ತಿ. ಗಾಬರಿಯಲ್ಲಿ ಮೂರು ನಾಲ್ಕು ಸಲ ಒತ್ತಿದರೆ ‘ಗ್ರಬ್>’ ಎಂಬ ಕಪ್ಪು ಪರದೆ ಬರುತ್ತದೆ. ಏನೂ ಕೆಟ್ಟಿಲ್ಲ, ‘ರೀಬೂಟ್’ ಎಂದು ಟೈಪಿಸಿ ಎಂಟರ್ ಒತ್ತಿ ಮತ್ತೆ ಪ್ರಯತ್ನಿಸಿ. ಕರ್ನಲ್ ಆರಿಸುವ ಗ್ರಬ್ ಮೆನು ಬಂದಾಗ ಅಡ್ವಾನ್ಸ್ಡ್ ಆಪ್ಷನ್ಸ್ ಸಾಲಿಗೆ ಹೋಗಿ, ಪಟ್ಟಿಯಲ್ಲಿ ಎರಡನೆಯ ಆವೃತ್ತಿಯ ಕರ್ನಲ್ ಆರಿಸಿ. ರಿಕವರಿ ಎಂದು ಬರೆದ ಸಾಲನ್ನು ಆರಿಸಬೇಡಿ.

ಹಳೆಯ ಕರ್ನಲ್‌ನಲ್ಲಿ ಸ್ಕ್ರೀನ್ ಸರಿಯಾಗಿ ಬಂದರೆ, ಹೊಸ ಕರ್ನಲ್‌ಗೆ ಡ್ರೈವರ್ ಕೂತಿಲ್ಲ ಎಂಬುದು ಖಚಿತ. ತುರ್ತು ಕೆಲಸವಿದ್ದರೆ ಇಲ್ಲೇ ಕೂತು ಮುಗಿಸಿ, ಸಂಜೆ ನಿಧಾನವಾಗಿ ಹೊಸದನ್ನು ಸರಿಮಾಡಿ. ಹಳೆಯದರಲ್ಲೂ ಅದೇ ಹಾಡಾದರೆ ಕೇಬಲ್, ಯಾವುದೋ ಹಳೆಯ ಕಾನ್ಫಿಗ್ ಫೈಲ್, ಇಲ್ಲವೇ ಕರ್ನಲ್ ಹೊರತಾಗಿ ಅಪ್‌ಡೇಟ್ ಆದ ಮೆಸಾ, ಎಕ್ಸ್‌ಆರ್ಗ್ ಮುಂತಾದ ಚಿತ್ರ ತೋರಿಸುವ ಭಾಗಗಳ ಕಡೆ ನೋಡಬೇಕು.

ಡ್ರೈವರ್ ಯಾರು, ಇದ್ದಾರೋ ಇಲ್ಲವೋ

ಹೊಸ ಕರ್ನಲ್‌ಗೆ ವಾಪಸು ಬಂದು:

ಎಲ್‌ಎಸ್‌ಪಿಸಿಐ -ಕೆ

ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಅದರ ಕೆಳಗೆ ಸ್ವಲ್ಪ ಒಳಸರಿದು ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿರಬೇಕು. ಇಂಟೆಲ್ ಗ್ರಾಫಿಕ್ಸ್ ಆದರೆ ಮುಂದೆ ‘ಐ915’, ಎಎಂಡಿ ಆದರೆ ‘ಎಎಂಡಿಜಿಪಿಯು’ ಅಥವಾ ಹಳೆಯದಕ್ಕೆ ‘ರೇಡಿಯಾನ್’, ಎನ್‌ವಿಡಿಯಾ ಆದರೆ ‘ಎನ್‌ವಿಡಿಯಾ’ ಅಥವಾ ‘ನೂವೋ’ ಎಂದಿರುತ್ತದೆ. ಈ ಸಾಲೇ ಇಲ್ಲದೆ ‘ಕರ್ನಲ್ ಮಾಡ್ಯೂಲ್ಸ್’ ಎಂಬ ಸಾಲು ಮಾತ್ರ ಇದ್ದರೆ, ಡ್ರೈವರ್ ಡಿಸ್ಕಿನಲ್ಲಿದೆ, ಕೆಲಸಕ್ಕೆ ಬಂದಿಲ್ಲ. ಎರಡೂ ಇಲ್ಲದಿದ್ದರೆ ಅಪ್‌ಡೇಟ್ ಅರ್ಧಕ್ಕೇ ನಿಂತಿರುವ ಸಾಧ್ಯತೆ ಹೆಚ್ಚು.

ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಅಪ್‌ಡೇಟ್

ಮಂಡಿಪೇಟೆಯ ಆ ಪ್ರೆಸ್‌ನಲ್ಲಿ ಆಗಿದ್ದು ಇದೇ. ಭಾನುವಾರ ಸಂಜೆ ಅಪ್‌ಡೇಟ್ ಒತ್ತಿದ್ದಾರೆ, ನಡುವೆ ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿದೆ. ಹೊಸ ಕರ್ನಲ್ ಬಂದು ಕೂತಿದೆ, ಅದರ ಮಾಡ್ಯೂಲ್‌ಗಳು (ಡ್ರೈವರ್‌ನಂಥ ಬಿಡಿ ಭಾಗಗಳು) ಪೂರ್ತಿ ಬಂದಿಲ್ಲ. ಆಗ ಹೊಡೆಯಬೇಕಾದ್ದು ಇವೆರಡು (ಸುಡೊ ಎಂದರೆ ಎಸ್-ಯು-ಡಿ-ಒ, ಯಜಮಾನನ ಅಧಿಕಾರದಲ್ಲಿ ನಡೆಸು ಎಂದರ್ಥ):

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಬಿಚ್ಚಿಟ್ಟು ಮುಗಿಸದ ಪ್ಯಾಕೇಜ್‌ಗಳನ್ನು ಮುಗಿಸುತ್ತದೆ, ಎರಡನೆಯದು ಬಿಟ್ಟುಹೋದದ್ದನ್ನು ತರಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಟೈಪಿಸುವಾಗ ಪರದೆಯ ಮೇಲೆ ಏನೂ ಮೂಡದಿರಬಹುದು, ಟೈಪಿಸಿ ಎಂಟರ್ ಒತ್ತಿ.

ಇವು ‘ಜಾಗ ಇಲ್ಲ’ ಎಂದು ಜಗಳ ತೆಗೆದರೆ:

ಡಿಎಫ್ -ಎಚ್ /ಬೂಟ್

ಕೊನೆಯಲ್ಲಿ 100% ಎಂದು ಬಂದರೆ ಬೂಟ್ ವಿಭಾಗ ತುಂಬಿದೆ. ‘ಸುಡೊ ಎಪಿಟಿ ಆಟೋರಿಮೂವ್’ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಒಪ್ಪಿಗೆ ಕೊಡುವ ಮೊದಲು ಅದು ತೋರಿಸುವ ಪಟ್ಟಿ ಓದಿ, ನಿಮಗೆ ಚೆನ್ನಾಗಿ ನಡೆಯುತ್ತಿದ್ದ ಕರ್ನಲ್‌ನ ಸಂಖ್ಯೆ ಅದರಲ್ಲಿದ್ದರೆ ಬೇಡವೆನ್ನಿ. ಜಾಗವಾದ ಮೇಲೆ ಮೇಲಿನ ಎರಡನ್ನೂ ಮತ್ತೆ ಹೊಡೆದು, ನಂತರ:

ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು -ಕೆ ಆಲ್

ಸುಡೊ ಅಪ್‌ಡೇಟ್-ಗ್ರಬ್

ನಡುವಿನ ಪದ ಐ-ಎನ್-ಐ-ಟಿ-ಆರ್-ಎ-ಎಂ-ಎಫ್-ಎಸ್. ಯಂತ್ರ ಏಳುವಾಗ ಮೊದಲು ಓದುವ ಸಣ್ಣ ಕಡತವನ್ನು ಇದು ಪ್ರತಿ ಕರ್ನಲ್‌ಗೂ ಹೊಸದಾಗಿ ಕಟ್ಟುತ್ತದೆ. ರೀಸ್ಟಾರ್ಟ್ ಮಾಡಿ ನೋಡಿ.

ಯಾರೋ ಹಾಕಿಬಿಟ್ಟ ‘ನೋಮೋಡ್‌ಸೆಟ್’

ಡ್ರೈವರ್ ಡಿಸ್ಕಿನಲ್ಲಿದ್ದೂ ಬಾರದಿದ್ದರೆ ಇದನ್ನು ನೋಡಿ:

ಕ್ಯಾಟ್ /ಪ್ರಾಕ್/ಸಿಎಂಡಿಲೈನ್

ಪಿ-ಆರ್-ಒ-ಸಿ, ಓರೆಗೆರೆ, ಸಿ-ಎಂ-ಡಿ-ಎಲ್-ಐ-ಎನ್-ಇ. ಬರುವ ಸಾಲಿನಲ್ಲಿ ಎನ್-ಒ-ಎಂ-ಒ-ಡಿ-ಇ-ಎಸ್-ಇ-ಟಿ ಎಂಬ ಪದವಿದೆಯೇ? ಕಪ್ಪು ಪರದೆ ಬಂದಾಗ ತಾತ್ಕಾಲಿಕವಾಗಿ ಹಾಕುವ ಪದ ಅದು. ಅದಿರುವತನಕ ಗ್ರಾಫಿಕ್ಸ್ ಡ್ರೈವರ್ ಸ್ಕ್ರೀನಿನ ಅಳತೆಗೆ ಕೈಹಾಕುವಂತಿಲ್ಲ. ಹಾಕಿದವರು ತೆಗೆಯಲು ಮರೆತಿರುತ್ತಾರೆ. ‘ಸುಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್’ ಎಂದು ಫೈಲ್ ತೆರೆದು ಆ ಪದವೊಂದನ್ನೇ ಅಳಿಸಿ, ಉದ್ಧರಣ ಚಿಹ್ನೆಗಳನ್ನು ಹಾಗೇ ಬಿಟ್ಟು, ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್ ಒತ್ತಿ ಹೊರಬನ್ನಿ. ಬಳಿಕ ಅಪ್‌ಡೇಟ್-ಗ್ರಬ್ ಮತ್ತು ರೀಸ್ಟಾರ್ಟ್.

ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ

ಇಂಟೆಲ್, ಎಎಂಡಿ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಎನ್‌ವಿಡಿಯಾ ಕಂಪನಿಯ ಡ್ರೈವರ್ ಹೊರಗಿನಿಂದ ಬಂದು ಸೇರಿಕೊಳ್ಳುವಂಥದ್ದು. ಅದನ್ನು ಡಿಕೆಎಂಎಸ್ ಎಂಬ ವ್ಯವಸ್ಥೆಯ ಮೂಲಕ ಹಾಕಿದ್ದರೆ, ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕು. ಕಟ್ಟಲು ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಬೇಕು.

ಡಿಕೆಎಂಎಸ್ ಸ್ಟೇಟಸ್

ಯುನೇಮ್ ತೋರಿಸಿದ ಸಂಖ್ಯೆಯ ಮುಂದೆ ‘ಇನ್‌ಸ್ಟಾಲ್ಡ್’ ಎಂದಿದ್ದರೆ ಸರಿ. ಇಲ್ಲದಿದ್ದರೆ ‘ಸುಡೊ ಎಪಿಟಿ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-’ ಎಂದು ಬರೆದು, ಅದಕ್ಕೆ ತಾಗಿಕೊಂಡಂತೆ ಯುನೇಮ್ ಕೊಟ್ಟ ಹೆಸರನ್ನು ಪೂರ್ತಿ ಸೇರಿಸಿ. ಹೆಡರ್ಸ್ ಬಂದ ಕೂಡಲೇ ಡ್ರೈವರ್ ಕಟ್ಟಿಕೊಳ್ಳಲು ಶುರುಮಾಡುತ್ತದೆ. ಹಳೆಯ ಯಂತ್ರದಲ್ಲಿ ಇದಕ್ಕೆ ಐದಾರು ನಿಮಿಷ ಹಿಡಿಯಬಹುದು, ನಡುವೆ ಕಿಟಕಿ ಮುಚ್ಚಬೇಡಿ.

ಇಷ್ಟಾದರೂ ಡ್ರೈವರ್ ಬಾರದಿದ್ದರೆ ಸೆಕ್ಯೂರ್ ಬೂಟ್ ಕಡೆ ಬನ್ನಿ. ಇಲ್ಲಿ ಜನ ಎಡವುವುದನ್ನು ನೋಡಿ ನೋಡಿ ಬೇಸರವಾಗಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಒಕೆಯುಟಿಲ್ --ಎಸ್‌ಬಿ-ಸ್ಟೇಟ್

‘ಎನೇಬಲ್ಡ್’ ಎಂದರೆ, ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಹೊಸದಾಗಿ ಕಟ್ಟಿದ ಡ್ರೈವರಿಗೆ ನಿಮ್ಮ ಯಂತ್ರವೇ ಸಹಿ ಹಾಕುತ್ತದೆ, ಆದರೆ ಆ ಸಹಿಯನ್ನು ನಂಬಬಹುದೆಂದು ನೀವು ಒಮ್ಮೆ ಫರ್ಮ್‌ವೇರಿಗೆ ಹೇಳಬೇಕು. ಅಪ್‌ಡೇಟ್ ನಡುವೆ ನೇರಳೆ ಬಣ್ಣದ ಪೆಟ್ಟಿಗೆಯಲ್ಲಿ ಒಂದು ಪಾಸ್‌ವರ್ಡ್ ಕೇಳಿರುತ್ತದಲ್ಲ, ಅದು ಇದಕ್ಕಾಗಿ. ಏನೋ ಒಂದು ಕೊಟ್ಟು ಮುಂದೆ ಹೋಗಿರುತ್ತೀರಿ. ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀ ಒತ್ತಿ ಎಂದು 10 ಸೆಕೆಂಡ್ ಕಾಯುತ್ತದೆ. ಆ ಹೊತ್ತಿಗೆ ಎಲ್ಲರೂ ಚಹಾಕ್ಕೆ ಎದ್ದಿರುತ್ತಾರೆ. ಹತ್ತು ಸೆಕೆಂಡ್ ಕಳೆದರೆ ಅದು ಸುಮ್ಮನೆ ಮುಂದೆ ಹೋಗುತ್ತದೆ, ಸಹಿ ದಾಖಲಾಗುವುದಿಲ್ಲ, ಸ್ಕ್ರೀನ್ ದಪ್ಪಗೇ ಉಳಿಯುತ್ತದೆ.

ಮತ್ತೆ ಆ ಪರದೆ ತರಿಸಲು:

ಸುಡೊ ಎಂಒಕೆಯುಟಿಲ್ --ಇಂಪೋರ್ಟ್ /ವಿಎಆರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ಎಂಒಕೆ.ಡಿಇಆರ್

ಕೊನೆಯಲ್ಲಿ ಎರಡು ಸಲ ಬರುವ ‘ಎಂಒಕೆ’ಗಳಲ್ಲಿ ಮೊದಲನೆಯದು ಸಣ್ಣಕ್ಷರ, ಎರಡನೆಯದು ದೊಡ್ಡಕ್ಷರ. ‘ಶಿಮ್-ಸೈನ್ಡ್’ ಎಂಬುದರ ಕಾಗುಣಿತ ಎಸ್-ಎಚ್-ಐ-ಎಂ, ಡ್ಯಾಶ್, ಎಸ್-ಐ-ಜಿ-ಎನ್-ಇ-ಡಿ. ಸುಲಭದ ಪಾಸ್‌ವರ್ಡ್ ಕೊಟ್ಟು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒಂದೇ ಸಲ ಬೇಕಾಗುವುದು. ರೀಸ್ಟಾರ್ಟ್ ಮಾಡಿ, ಕೀಬೋರ್ಡ್ ಮುಂದೆಯೇ ಕೂತಿರಿ. ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ಕೊನೆಗೆ ರೀಬೂಟ್.

ಬಹಳ ಹಳೆಯ ಕಾರ್ಡಿನ ಕಥೆ ಬೇರೆ. ಜಿಫೋರ್ಸ್ 400, 500 ಸರಣಿಯ ಕಾರ್ಡುಗಳಿಗೆ ಬೇಕಾದ 390 ಡ್ರೈವರಿಗೆ ಎನ್‌ವಿಡಿಯಾ 2022ರ ಕೊನೆಗೆ ಬೆಂಬಲ ನಿಲ್ಲಿಸಿತು. ಹೊಸ ಕರ್ನಲ್‌ಗಳಿಗೆ ಅದನ್ನು ಕಟ್ಟಲು ಹೋಗಿ ದಿನ ಕಳೆಯಬೇಡಿ. ‘ಸುಡೊ ಎಪಿಟಿ ಪರ್ಜ್ "ಎನ್‌ವಿಡಿಯಾ-*"’ ಎಂದು ತೆಗೆದುಹಾಕಿ ರೀಸ್ಟಾರ್ಟ್ ಮಾಡಿದರೆ ಕರ್ನಲ್ ಜೊತೆಗಿರುವ ನೂವೋ ಡ್ರೈವರ್ ಬರುತ್ತದೆ. ಪತ್ರಿಕೆ, ಬಿಲ್ಲು, ಬ್ಯಾನರ್ ಕೆಲಸಕ್ಕೆ ಅದು ಸಾಕು. ಜೊತೆಗೆ ಇಟಿಸಿ ಒಳಗಿನ ಎಕ್ಸ್11 ಫೋಲ್ಡರಿನಲ್ಲಿ ‘ಎಕ್ಸ್‌ಆರ್ಗ್.ಕಾನ್ಫ್’ ಎಂಬ ಹಳೆಯ ಫೈಲ್ ಉಳಿದಿದ್ದರೆ ಹೆಸರು ಬದಲಿಸಿ. ಇಲ್ಲದ ಡ್ರೈವರನ್ನೇ ಕರೆಯುತ್ತ ಅದು ದಾರಿಗೆ ಅಡ್ಡ ನಿಂತಿರುತ್ತದೆ.

ಕೇಬಲ್

ಚಿತ್ರದುರ್ಗದ ಒಂದು ಝೆರಾಕ್ಸ್ ಅಂಗಡಿಯವರು ಅಪ್‌ಡೇಟ್ ಮಾಡಿದ ಮರುದಿನ ಫೋನ್ ಮಾಡಿದ್ದರು. ಫೋನಿನಲ್ಲೇ ಎಲ್ಲ ಹೇಳಿ ನೋಡಿದೆ, ಆಗಲಿಲ್ಲ, 60 ಕಿಲೋಮೀಟರ್ ಹೋದೆ. ಡ್ರೈವರ್ ಸರಿ ಇತ್ತು, ಹಳೆಯ ಕರ್ನಲ್‌ನಲ್ಲೂ 1024×768. ಮಾನಿಟರಿನ ವಿಜಿಎ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಮೂರು ಸಾಲಿನ 15 ಪಿನ್‌ಗಳಲ್ಲಿ ಕೊನೆಯ ಸಾಲಿನ ಒಂದು ಪಿನ್ ಬಾಗಿ ತಗಡಿನ ಅಂಚಿಗೆ ಒರಗಿತ್ತು. ಸೂಜಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿ ಸಿಕ್ಕಿಸಿದೆ. 1920×1080 ತಾನಾಗಿಯೇ ಬಂತು.

ಮಾನಿಟರ್ ತನ್ನ ಹೆಸರು, ತಯಾರಾದ ವರ್ಷ, ತೋರಿಸಬಲ್ಲ ಅಳತೆಗಳು ಇಷ್ಟನ್ನೂ 128 ಬೈಟ್‌ಗಳ ಒಂದು ಸಣ್ಣ ಚೀಟಿಯಲ್ಲಿ ಇಟ್ಟುಕೊಂಡಿರುತ್ತದೆ. ಇಡಿಐಡಿ ಎಂದು ಅದರ ಹೆಸರು, 1994ರಿಂದ ಬಳಕೆಯಲ್ಲಿದೆ. ವಿಜಿಎ ಕೇಬಲ್‌ನಲ್ಲಿ ಈ ಚೀಟಿ ಬರುವುದು 12 ಮತ್ತು 15ನೇ ಪಿನ್‌ಗಳ ಮೂಲಕ. ಬಣ್ಣಗಳು ಬರುವುದು ಬೇರೆ ಪಿನ್‌ಗಳಿಂದ. ಹಾಗಾಗಿಯೇ ಇವೆರಡು ಕೆಟ್ಟರೂ ಚಿತ್ರ ಸ್ವಚ್ಛವಾಗಿ ಕಾಣುತ್ತದೆ, ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಅಪ್‌ಡೇಟ್ ಆದಮೇಲೇ ಯಾಕೆ ಕೈಕೊಟ್ಟಿತು? ಆ ಅಂಗಡಿಯಲ್ಲಿ ಯಂತ್ರವನ್ನು ರಾತ್ರಿ ಸ್ಲೀಪ್‌ನಲ್ಲಿಟ್ಟು ಹೋಗುತ್ತಿದ್ದರು, ತಿಂಗಳುಗಟ್ಟಲೆ ರೀಸ್ಟಾರ್ಟ್ ಆಗಿರಲಿಲ್ಲ. ಯಾವಾಗಲೋ ಗುಡಿಸುವಾಗ ಕೇಬಲ್ ಬಿಚ್ಚಿ ಒತ್ತಿ ಹಾಕಿದ್ದಾರೆ. ಚೀಟಿಯನ್ನು ಹೊಸದಾಗಿ ಓದುವ ಪ್ರಸಂಗ ಬಂದದ್ದು ಅಪ್‌ಡೇಟ್ ನಂತರದ ರೀಸ್ಟಾರ್ಟ್‌ನಲ್ಲಿ. ತಪ್ಪು ಅಪ್‌ಡೇಟ್ ತಲೆಗೆ ಬಂತು.

ಚೀಟಿ ಬರುತ್ತಿದೆಯೇ ತಿಳಿಯಲು:

ಕ್ಯಾಟ್ /ಎಸ್‌ವೈಎಸ್/ಕ್ಲಾಸ್/ಡಿಆರ್‌ಎಂ/*/ಇಡಿಐಡಿ | ಡಬ್ಲ್ಯೂಸಿ -ಸಿ

ಒಂದೇ ಮಾನಿಟರಿನ ಡೆಸ್ಕ್‌ಟಾಪ್‌ನಲ್ಲಿ 128 ಅಥವಾ 256 ಬಂದರೆ ಚೀಟಿ ತಲುಪಿದೆ. 0 ಬಂದರೆ ತಲುಪಿಲ್ಲ. (ಲ್ಯಾಪ್‌ಟಾಪ್‌ನಲ್ಲಿ ಅದರ ಸ್ವಂತ ಪರದೆಯ ಚೀಟಿಯೂ ಸೇರಿ ಲೆಕ್ಕವಾಗುತ್ತದೆ.) 0 ಬಂದವರು ಮೊದಲು ಪಿನ್ ನೋಡಿ, ಎರಡೂ ಕಡೆಯ ತಿರುಪು ಬಿಗಿಮಾಡಿ, ಬೇರೆ ಕೇಬಲ್ ಹಾಕಿ ನೋಡಿ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಸಣ್ಣ ಕನ್ವರ್ಟರ್ ನಡುವೆ ಇದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಮಾನಿಟರಿನಲ್ಲೂ ಯಂತ್ರದಲ್ಲೂ ಎಚ್‌ಡಿಎಂಐ ಇದ್ದರೆ ಕನ್ವರ್ಟರ್ ಬಿಟ್ಟು ನೇರ ಕೇಬಲ್ ಹಾಕಿಬಿಡಿ. ಯಂತ್ರಕ್ಕಿಂತ ಮೊದಲು ಮಾನಿಟರ್ ಆನ್ ಮಾಡುವ ಅಭ್ಯಾಸವೂ ಇರಲಿ.

ಬೇರೆ ದಾರಿಯೇ ಇಲ್ಲದಾಗ ಕೈಯಾರೆ ಅಳತೆ ಕೊಡುವುದು

ಡ್ರೈವರ್ ಸರಿ ಇದ್ದು, ಹೊಸ ಕೇಬಲ್ ಹಾಕಿದರೂ ಮಾನಿಟರ್ ಮಾತಾಡದಿದ್ದರೆ ಆಗ ಮಾತ್ರ ಇದು. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಎಂಬಲ್ಲಿ ಎಕ್ಸ್11 ಇದೆಯೋ ವೇಲ್ಯಾಂಡ್ ಇದೆಯೋ ನೋಡಿ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎರಡು ಬೇರೆ ವ್ಯವಸ್ಥೆಗಳು ಅವು. ಮಿಂಟ್‌ನ ಸಿನಮನ್ ಸಾಮಾನ್ಯವಾಗಿ ಎಕ್ಸ್11.

ಎಕ್ಸ್11 ಆದರೆ ಮೊದಲು ‘ಎಕ್ಸ್‌ರ‍್ಯಾಂಡರ್’ (ಎಕ್ಸ್-ಆರ್-ಎ-ಎನ್-ಡಿ-ಆರ್) ಎಂದಷ್ಟೇ ಹೊಡೆದು, ‘ಕನೆಕ್ಟೆಡ್’ ಎಂದಿರುವ ಸಾಲಿನ ಮೊದಲ ಪದ ಬರೆದುಕೊಳ್ಳಿ. ವಿಜಿಎ-1 ಎಂದಿದೆ ಎಂದುಕೊಳ್ಳೋಣ, ಪರದೆಯಲ್ಲಿ ಕಂಡಂತೆ ದೊಡ್ಡಕ್ಷರದಲ್ಲೇ ಇರಲಿ. ಬಳಿಕ:

ಸಿವಿಟಿ 1920 1080 60

‘ಮೋಡ್‌ಲೈನ್’ ಎಂದು ಶುರುವಾಗುವ ಸಾಲು ಬರುತ್ತದೆ: ಉದ್ಧರಣದೊಳಗೆ ಒಂದು ಹೆಸರು, ಆಮೇಲೆ 173.00, 1920, 2048 ಹೀಗೆ ಅಂಕಿಗಳು. ಟೈಪಿಸಲು ಹೋದರೆ ತಪ್ಪುತ್ತದೆ, ಮೌಸಿನಿಂದ ಕಾಪಿ ಮಾಡಿ. ‘ಎಕ್ಸ್‌ರ‍್ಯಾಂಡರ್ --ನ್ಯೂಮೋಡ್’ ಎಂದು ಬರೆದು, ಮೋಡ್‌ಲೈನ್ ಎಂಬ ಪದ ಬಿಟ್ಟು ಉಳಿದದ್ದನ್ನು ಮುಂದೆ ಅಂಟಿಸಿ. ಆಮೇಲೆ ‘ಎಕ್ಸ್‌ರ‍್ಯಾಂಡರ್ --ಆ್ಯಡ್‌ಮೋಡ್ ವಿಜಿಎ-1’ ಮುಂದೆ ಆ ಹೆಸರು. ಕೊನೆಗೆ ‘ಎಕ್ಸ್‌ರ‍್ಯಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್’ ಮುಂದೆ ಅದೇ ಹೆಸರು. ಮಾನಿಟರ್ ‘ಔಟ್ ಆಫ್ ರೇಂಜ್’ ಎಂದರೆ ರೀಸ್ಟಾರ್ಟ್ ಮಾಡಿ, ಇದು ಕಾಯಂ ಉಳಿಯುವಂಥದ್ದಲ್ಲ. 1366×768ರ ಮಾನಿಟರಿಗೆ ಕೇಳಿದರೆ ಸಿವಿಟಿ 1368 ಕೊಡುತ್ತದೆ, ಅದರ ಲೆಕ್ಕ ಎಂಟರ ಗುಣಕಗಳಲ್ಲಿ. ನಿಮ್ಮ ತಪ್ಪಲ್ಲ, ಹಾಗೇ ಬಳಸಿ. ಸರಿಹೋಯಿತೆಂದಾದರೆ ಈ ಮೂರು ಸಾಲುಗಳನ್ನು ಹೋಮ್ ಫೋಲ್ಡರಿನಲ್ಲಿ ‘.ಎಕ್ಸ್‌ಪ್ರೊಫೈಲ್’ ಎಂಬ ಫೈಲ್ ಮಾಡಿ ಅದರಲ್ಲಿ ಇಡಿ.

ವೇಲ್ಯಾಂಡ್ ಆದರೆ ಎಕ್ಸ್‌ರ‍್ಯಾಂಡರ್‌ನಿಂದ ಅಳತೆ ಬದಲಾಗುವುದಿಲ್ಲ. ಗ್ರಬ್ ಫೈಲ್ ತೆರೆದು, ‘ಕ್ವಯಟ್ ಸ್ಪ್ಲ್ಯಾಶ್’ ಪದಗಳ ಪಕ್ಕ ಅದೇ ಉದ್ಧರಣದೊಳಗೆ ‘ವಿಡಿಯೊ=ವಿಜಿಎ-1:1920ಎಕ್ಸ್1080@60’ ಎಂದು ಸೇರಿಸಿ. ಇಲ್ಲಿ ವಿಜಿಎ ದೊಡ್ಡಕ್ಷರದಲ್ಲಿ. ಅಪ್‌ಡೇಟ್-ಗ್ರಬ್, ರೀಸ್ಟಾರ್ಟ್.

ಕೆಲಸ ಮುಗಿಸಿ ಏಳುವ ಮೊದಲು

ಸರಿಹೋದ ಮೇಲೆ ಒಮ್ಮೆ ಪೂರ್ತಿ ಬಂದ್ ಮಾಡಿ ಆನ್ ಮಾಡಿ, ಒಮ್ಮೆ ಸ್ಲೀಪ್‌ಗೆ ಕಳಿಸಿ ಎಬ್ಬಿಸಿ ನೋಡಿ. ಹೊಸ ಕರ್ನಲ್ ಎರಡು ದಿನ ಸರಿಯಾಗಿ ನಡೆಯುವತನಕ ಆಟೋರಿಮೂವ್ ಬೇಡ. ಮಿಂಟ್‌ನಲ್ಲಿ ಸಿಸ್ಟಮ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಇದ್ದೇ ಇದೆ, ಅಪ್‌ಡೇಟ್‌ಗೆ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅಪ್‌ಡೇಟ್ ಒತ್ತುವ ಮೊದಲು ಅದನ್ನು ಬದಲಿಸಿ. ಮದುವೆ ಸೀಸನ್ನಿನಲ್ಲಿ ಪ್ರೆಸ್‌ನವರು ಭಾನುವಾರ ಸಂಜೆಗಿಂತ, ಕೈಯಲ್ಲಿ ಆರ್ಡರ್ ಇಲ್ಲದ ದಿನ ಬೆಳಗ್ಗೆ ಅಪ್‌ಡೇಟ್ ಮಾಡಿಕೊಂಡರೆ ಒಳ್ಳೆಯದು.

ಮಂಡಿಪೇಟೆಯ ಆ ಯಂತ್ರದ ಪಕ್ಕದ ತಗಡಿಗೆ ಈಗ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿದ್ದೇನೆ. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ನಾಲ್ಕು ಸಾಲು: ಮಾನಿಟರ್ 1920×1080, ಕೇಬಲ್ ವಿಜಿಎ, ಡ್ರೈವರ್ ಐ915, ಸರಿಯಾಗಿ ನಡೆದ ಕರ್ನಲ್‌ನ ಸಂಖ್ಯೆ. ಮುಂದಿನ ಸಲ ಫೋನ್ ಬಂದಾಗ ನಾನು ಮೊದಲು ಕೇಳುವುದು ಆ ಸ್ಟಿಕ್ಕರ್ ಓದಿ ಎಂದು.